ಮಗು ಮುಟ್ಟದಿದ್ದರೆ ಕೋಟಿ

ಅಮೆರಿಕದಲ್ಲಿ ಮಕ್ಕಳ ಆಟದ ಸಾಮಾನಿಗೆ ಕೋಟಿಗಟ್ಟಲೆ ಕೊಡುವವರಿದ್ದಾರೆ. ಷರತ್ತು ಒಂದೇ. ಆ ಸಾಮಾನನ್ನು ಯಾವ ಮಗುವೂ ಮುಟ್ಟಿರಬಾರದು.

ಸಾಮಾನು ಅಂದರೆ ಬೇಸ್‌ಬಾಲ್ ಕಾರ್ಡು. ಅಂಗೈಯಲ್ಲಿ ಹಿಡಿಸುವ ರಟ್ಟಿನ ಚೂರು. ಮುಂದೆ ಆಟಗಾರನ ಚಿತ್ರ, ಹಿಂದೆ ಅವನು ಹೊಡೆದದ್ದರ ಲೆಕ್ಕ. ಮೊದಲು ಸಿಗರೇಟ್ ಪ್ಯಾಕಿನಲ್ಲಿ ಬರುತ್ತಿತ್ತು, ಆಮೇಲೆ ಬಬಲ್ ಗಮ್ ಜೊತೆ. ಮಕ್ಕಳು ಅದನ್ನು ಏನು ಮಾಡಬೇಕೋ ಅದನ್ನೇ ಮಾಡಿದರು. ಗೋಡೆಗೆ ಎಸೆದು ಪಂದ್ಯ ಕಟ್ಟಿದರು. ಸೈಕಲ್ ಕಡ್ಡಿಗೆ ತಾಗುವ ಹಾಗೆ ಬಟ್ಟೆ ಕ್ಲಿಪ್‌ನಿಂದ ಸಿಕ್ಕಿಸಿ ಮೋಟಾರ್ ಬೈಕಿನ ಸದ್ದು ಬರಿಸಿದರು. ಗೆಳೆಯ ಕದಿಯಬಾರದು ಅಂತ ಹಿಂದುಗಡೆ ಪೆನ್ಸಿಲಿನಲ್ಲಿ ಹೆಸರು ಬರೆದರು. ರಬ್ಬರ್ ಬ್ಯಾಂಡ್ ಸುತ್ತಿ ಜೇಬಿಗೆ ತುರುಕಿದರು. ಹುಡುಗ ಕಾಲೇಜಿಗೆ ಹೋದ ಮೇಲೆ ಅಮ್ಮ ಉಳಿದದ್ದನ್ನೆಲ್ಲ ಕಸಕ್ಕೆ ಹಾಕಿದಳು. ಎಲ್ಲರೂ ಅವರವರ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ, ಅಲ್ವಾ? ಆದರೆ ಈಗಿನ ಮಾರುಕಟ್ಟೆಯ ಪ್ರಕಾರ ಅವರೆಲ್ಲ ಅಪರಾಧಿಗಳು.

ಆ ಮಕ್ಕಳಿಗೆ ಈಗ ವಯಸ್ಸಾಗಿದೆ. ಎಷ್ಟೋ ಜನ ತೀರಿಕೊಂಡಿದ್ದಾರೆ. ಮನೆ ಖಾಲಿ ಮಾಡಲು ಬಂದ ಮಗನೋ ಮೊಮ್ಮಗಳೋ ಅಟ್ಟದ ಮೂಲೆಯಲ್ಲಿ ಒಂದು ಶೂ ಡಬ್ಬಿ ನೋಡುತ್ತಾರೆ. ಅವರಿಗಾಗಿಯೇ ಜಾಹೀರಾತುಗಳು ಕಾದಿರುತ್ತವೆ. ಹಳೇ ಕಾರ್ಡುಗಳ ಇಡೀ ಸಂಗ್ರಹ ಕೊಳ್ಳುತ್ತೇವೆ. ನಿಮ್ಮ ಮನೆಗೇ ಬರುತ್ತೇವೆ. ನಗದು ಕೊಡುತ್ತೇವೆ. ನೀವು ವಿಂಗಡಿಸುವ ತೊಂದರೆ ತಗೋಬೇಡಿ, ಒರೆಸಲೂ ಹೋಗಬೇಡಿ. ಬೆಲೆ ಕಟ್ಟುವುದು ಪೂರ್ತಿ ಉಚಿತ.

ಉಚಿತ ಅನ್ನುವುದನ್ನು ಸ್ವಲ್ಪ ಗಮನಿಸಿ. ದುಡ್ಡು ಕೊಡಬೇಕಾದವನೇ ಎಷ್ಟು ಕೊಡಬೇಕು ಅಂತ ತೀರ್ಮಾನ ಮಾಡುತ್ತಾನೆ. ಆ ತೀರ್ಮಾನಕ್ಕೆ ಬೇರೆ ಶುಲ್ಕ ಇಲ್ಲ. ಎಂಥ ಧಾರಾಳ ನೋಡಿ! ನಮ್ಮ ಬೀದಿಯ ಹಳೇ ಪೇಪರ್‌ನವನೇ ವಾಸಿ. ತಕ್ಕಡಿಯಲ್ಲಿ ಕೈಚಳಕ ತೋರಿಸಿದರೂ ಕೇಜಿಗೆ ಇಷ್ಟು ಅಂತ ಮೊದಲೇ ಹೇಳುತ್ತಾನೆ. ಪೇಪರ್ ರಾಶಿಯಲ್ಲಿ ಬಂಗಾರದ ಬಳೆ ಹುಡುಕುತ್ತಾ ಕೂರುವುದಿಲ್ಲ.

ಇವರು ಹುಡುಕುತ್ತಾರೆ. ಸೋಫಾದ ಮೇಲೆ ಕೂತು, ಕಾಫಿ ಕುಡಿಯುತ್ತಾ, ಅಜ್ಜನ ಬಗ್ಗೆ ಎರಡು ಒಳ್ಳೆಯ ಮಾತಾಡುತ್ತಾ ಸರಸರನೆ ಕಾರ್ಡು ತಿರುವುತ್ತಾರೆ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಎಲ್ಲೋ ಒಂದು ಕಡೆ ಹೆಬ್ಬೆರಳು ಅರ್ಧ ಕ್ಷಣ ನಿಲ್ಲುತ್ತದೆ. ಮತ್ತೆ ಸರಸರ. ಕೊನೆಗೆ ಒಂದು ನಿಟ್ಟುಸಿರು. 'ಮೂಲೆಗಳೆಲ್ಲ ಸವೆದುಹೋಗಿವೆ. ಇಂಥವು ತುಂಬಾ ಜನರ ಹತ್ತಿರ ಇವೆ. ಆದರೂ ನಿಮಗೆ ತೊಂದರೆ ಬೇಡ, ಎಲ್ಲವನ್ನೂ ನಾನೇ ಒಟ್ಟಿಗೆ ತಗೊಳ್ತೀನಿ.' ಮನೆಯವರಿಗೆ ಆ 'ಎಲ್ಲವನ್ನೂ' ಅನ್ನುವ ಮಾತು ಕೇಳಿ ಕಣ್ಣು ತುಂಬಿ ಬರುತ್ತದೆ. ಎಲ್ಲಕ್ಕೂ ಸೇರಿ ಒಂದೇ ಬೆಲೆ ಹೇಳಿದರೆ ಯಾವುದಕ್ಕೆ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಹೆಬ್ಬೆರಳು ನಿಂತ ಆ ಒಂದು ಕಾರ್ಡು ರಾಶಿಯೊಳಗೆ ಸದ್ದಿಲ್ಲದೆ ಮಲಗಿರುತ್ತದೆ.

ಎಲ್ಲರೂ ಹೀಗೇ ಅಂತಲ್ಲ. ಪ್ರಾಮಾಣಿಕರೂ ಇದ್ದಾರೆ. ಸಾಧಾರಣ ಆಟಗಾರರ ಕಾರ್ಡುಗಳನ್ನು ಒಂದೊಂದಾಗಿ ಮಾರುವುದು ನಿಜಕ್ಕೂ ಸಾಯುವಷ್ಟು ಕೆಲಸ. ಆದರೆ ವ್ಯಾಪಾರಿ ಪ್ರಾಮಾಣಿಕನೋ ಅಲ್ಲವೋ ಅಂತ ಮಾರುವವರಿಗೆ ಗೊತ್ತಾಗಬೇಕಾದರೆ ಮೊದಲು ಅವರಿಗೇ ಬೆಲೆ ಗೊತ್ತಿರಬೇಕು. ಗೊತ್ತಿದ್ದಿದ್ದರೆ ಅವನನ್ನು ಯಾಕೆ ಕರೆಯುತ್ತಿದ್ದರು?

ಈ ಕಸುಬಿಗೆ ಒಬ್ಬ ಮೂಲಪುರುಷ ಇದ್ದ. ನ್ಯೂಜೆರ್ಸಿಯ ಅಲನ್ ರೋಸನ್. ತನಗೆ ತಾನೇ 'ಮಿಸ್ಟರ್ ಮಿಂಟ್' ಅಂತ ಬಿರುದು ಕೊಟ್ಟುಕೊಂಡಿದ್ದ. ಮಿಂಟ್ ಅಂದರೆ ಈ ಕಸುಬಿನಲ್ಲಿ ಹೊಚ್ಚಹೊಸದರಂತೆ ಇರುವುದು. ನೋಟು ತುಂಬಿದ ಬ್ರೀಫ್‌ಕೇಸ್ ಹಿಡಿದು ಊರೂರು ಸುತ್ತುತ್ತಿದ್ದ. ಅಟ್ಟದಲ್ಲಿ ಕಾರ್ಡು ಸಿಕ್ಕಿತು ಅಂತ ಫೋನ್ ಬಂದರೆ ಸಾಕು, ಹೊರಟೇಬಿಡುತ್ತಿದ್ದ. ಚೆಕ್ಕು ಗಿಕ್ಕು ಇಲ್ಲ, ಮೇಜಿನ ಮೇಲೆ ಹಸಿರು ನೋಟಿನ ಕಟ್ಟು. 1986ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಅವನಿಗೆ ಕಾರ್ಡುಗಳ ಒಂದು ದೊಡ್ಡ ದಾಸ್ತಾನು ಸಿಕ್ಕಿತು. ಟಾಪ್ಸ್ ಕಂಪನಿ 1952ರಲ್ಲಿ ಅಚ್ಚು ಹಾಕಿಸಿದವು. ಅಂಗಡಿಗೆ ಹೋಗಲಿಲ್ಲ, ಮಕ್ಕಳ ಕೈಗೆ ಸೇರಲಿಲ್ಲ, ಹಾಗೇ ಉಳಿದುಹೋದವು. ಅದರಲ್ಲಿದ್ದ ಬೇಸ್‌ಬಾಲ್ ತಾರೆ ಮಿಕಿ ಮ್ಯಾಂಟಲ್ ಕಾರ್ಡೊಂದನ್ನು ರೋಸನ್ 1991ರಲ್ಲಿ 50 ಸಾವಿರ ಡಾಲರಿಗೆ ಮಾರಿದ. 2022ರ ಆಗಸ್ಟ್‌ನಲ್ಲಿ ಅದೇ ಕಾರ್ಡು ಹೆರಿಟೇಜ್ ಸಂಸ್ಥೆಯ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ. ಒಂದು ರಟ್ಟಿನ ಚೂರಿಗೆ.

ಇಷ್ಟು ಬೆಲೆ ಬಂದಿದೆ ಅಂದರೆ ಅದು ಮ್ಯಾಂಟಲ್‌ನ ಮೊಟ್ಟಮೊದಲ ಕಾರ್ಡು ಇರಬೇಕು ಅಂತೀರಾ? ಅಲ್ಲ. ಮೊದಲನೆಯದು 1951ರಲ್ಲೇ ಬೌಮನ್ ಕಂಪನಿಯಿಂದ ಬಂದಿತ್ತು. ಹಾಗಾದರೆ ಕಡಿಮೆ ಅಚ್ಚು ಹಾಕಿದ್ದಿರಬೇಕು? ಅದೂ ಅಲ್ಲ. ಟಾಪ್ಸ್‌ನ 1952ರ ಸರಣಿಯ ಕೊನೆಯ ಕಂತಿನಲ್ಲಿ ಮ್ಯಾಂಟಲ್ ಕಾರ್ಡನ್ನು ಉಳಿದ ಹೆಚ್ಚಿನವರದ್ದಕ್ಕಿಂತ ಎರಡು ಪಟ್ಟು ಅಚ್ಚು ಹಾಕಿದ್ದರು. ಹಾಗಾದರೆ ಉಳಿದವು ಎಲ್ಲಿ ಹೋದವು? ಸಮುದ್ರಕ್ಕೆ.

ತಮಾಷೆ ಅಲ್ಲ. ಆ ಕೊನೆಯ ಕಂತು ಮಾರುಕಟ್ಟೆಗೆ ಬರುವ ಹೊತ್ತಿಗೆ ಬೇಸ್‌ಬಾಲ್ ಋತು ಆ ವರ್ಷಕ್ಕೆ ಮುಗಿಯುತ್ತಾ ಬಂದಿತ್ತು. ಹುಡುಗರ ಮನಸ್ಸು ಫುಟ್‌ಬಾಲ್ ಕಡೆ ತಿರುಗಿತ್ತು. ಕಾರ್ಡು ಖರ್ಚಾಗಲಿಲ್ಲ. ಟಾಪ್ಸ್‌ನ ಸೈ ಬರ್ಗರ್ ಎಂಬಾತ ಆ ಕಾರ್ಡುಗಳನ್ನು ರೂಪಿಸಿದವರಲ್ಲಿ ಒಬ್ಬ. ಜಾತ್ರೆಗಳಲ್ಲಿ ಕಾಸಿಗೊಂದರಂತೆ ಮಾರಲು ನೋಡಿದ. ಯಾರಿಗೂ ಬೇಡ. ಗೋದಾಮಿನಲ್ಲಿ ಜಾಗ ಬೇಕಿತ್ತು. 1960ರಲ್ಲಿ ಎಲ್ಲವನ್ನೂ ಕಸ ಸಾಗಿಸುವ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದ. ಇದನ್ನು ಅವನೇ ಆಮೇಲೆ ಹೇಳಿಕೊಂಡ. ಅಮ್ಮಂದಿರನ್ನು ಬೈಯುವ ಸಂಗ್ರಾಹಕರು ಈ ಮಹಾನುಭಾವನನ್ನು ಬೈಯುವುದಿಲ್ಲ. ಯಾಕೆ ಬೈಯಬೇಕು? ಅವನು ದೋಣಿ ಕರೆಸದಿದ್ದರೆ 100 ಕೋಟಿ ಎಲ್ಲಿಂದ ಬರುತ್ತಿತ್ತು? ಅಂದಹಾಗೆ ರೋಸನ್ ಹತ್ತಿರ 50 ಸಾವಿರಕ್ಕೆ ಆ ಮ್ಯಾಂಟಲ್ ಕೊಂಡು ಮೂವತ್ತು ವರ್ಷ ಇಟ್ಟುಕೊಂಡಿದ್ದವರ ಉದ್ಯಮ ಏನು ಗೊತ್ತಾ? ಕಸ ವಿಲೇವಾರಿ. ಕಸದ ಬೆಲೆ ಕಸದವರಿಗೇ ಗೊತ್ತು.

ಓಹಾಯೋದ ಡಿಫೈಯನ್ಸ್ ಎಂಬ ಊರಿನದ್ದು ಇದಕ್ಕಿಂತ ಚೆಂದದ ಕಥೆ. 2012ರಲ್ಲಿ ಒಂದು ಕುಟುಂಬದವರು ಅಜ್ಜನ ಮನೆಯ ಅಟ್ಟ ಗುಡಿಸುತ್ತಿದ್ದರು. ಮರದ ಗೊಂಬೆಮನೆಯ ಕೆಳಗೆ ಮಸಿ ಹಿಡಿದ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ 1910ರ ಸುಮಾರಿನ 700 ಕಾರ್ಡು, ದಾರದಲ್ಲಿ ಕಟ್ಟಿಟ್ಟದ್ದು. ಟೈ ಕಾಬ್, ಸೈ ಯಂಗ್, ಹೋನಸ್ ವ್ಯಾಗ್ನರ್ ಮುಂತಾದ ಆ ಕಾಲದ ತಾರೆಗಳು, ಎಲ್ಲ ಹೊಸದಾಗಿ ಫಳಫಳ ಹೊಳೆಯುತ್ತಿದ್ದವು. ಬೆಲೆ ಬಲ್ಲವರು 30 ಲಕ್ಷ ಡಾಲರ್ ಆಗಬಹುದು ಅಂದರು. ಅಜ್ಜ ಮಾಂಸದ ಅಂಗಡಿ ನಡೆಸುತ್ತಿದ್ದ. ಮಿಠಾಯಿ ಜೊತೆ ಮಕ್ಕಳಿಗೆ ಹಂಚಬೇಕಾದ ಕಾರ್ಡುಗಳು ಅವು. ಅಜ್ಜ ಹಂಚಿರಲಿಲ್ಲ! ಮರೆತನೋ, ಜಿಪುಣನೋ ಯಾರಿಗೆ ಗೊತ್ತು. 1910ರಲ್ಲಿ ಆ ಊರಿನ ಯಾವುದೋ ಹುಡುಗ ಅಂಗಡಿ ಮುಂದೆ ನಿಂತು ಬರಿಗೈಲಿ ವಾಪಸ್ ಹೋಗಿರಬೇಕು. ಅವನ ಮೊಮ್ಮಕ್ಕಳಿಗೆ ಪಾಲು ಸಿಗಲಿಲ್ಲ. ಹಂಚದೇ ಇಟ್ಟವನ ಮೊಮ್ಮಕ್ಕಳು ಮಾತ್ರ ಚೆನ್ನಾಗಿಯೇ ಹಂಚಿಕೊಂಡರು.

ಇಂಥ ಮುಟ್ಟದ ಕಾರ್ಡನ್ನು ಗುರುತಿಸಲು ಪರೀಕ್ಷಾ ಮಂಡಳಿಗಳೂ ಇವೆ. ಪಿಎಸ್‌ಎ, ಎಸ್‌ಜಿಸಿ ಅಂತ ಖಾಸಗಿ ಕಂಪನಿಗಳು. ಶುಲ್ಕ ಕಟ್ಟಿ ಕಳಿಸಿದರೆ 10ಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡುತ್ತಾರೆ. ಮೂಲೆ ಚೂಪಾಗಿದೆಯಾ, ಅಂಚು ನೆಟ್ಟಗಿದೆಯಾ, ಚಿತ್ರ ಸರಿಯಾಗಿ ನಡುವೆ ಕೂತಿದೆಯಾ, ಗಮ್ ಕಲೆ ಇದೆಯಾ. ಹಿಂದುಗಡೆ ಪುಟ್ಟ ಹುಡುಗ ಹೆಸರು ಬರೆದಿದ್ದರೆ ಮುಗಿಯಿತು ಕಥೆ. ಪಾಸಾದ ಕಾರ್ಡನ್ನು ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಸೀಲ್ ಮಾಡುತ್ತಾರೆ. ಇನ್ನು ಹೊರಗೆ ತೆಗೆಯುವ ಹಾಗಿಲ್ಲ. ತೆಗೆದರೆ ಮಾರ್ಕ್ಸ್ ಹೋಯಿತು. 9ಕ್ಕೂ 10ಕ್ಕೂ ಇರುವ ವ್ಯತ್ಯಾಸ ಬರಿಗಣ್ಣಿಗೆ ಕಾಣಿಸುವುದು ಕಷ್ಟ, ಬೆಲೆಯಲ್ಲಿ ಮಾತ್ರ ದೂರದಿಂದಲೇ ಕಾಣಿಸುತ್ತದೆ.

ಮಂಡಳಿಯ ನಿಷ್ಠುರ ಎಷ್ಟು ಅಂದರೆ ಅಂಚು ಕತ್ತರಿಸಿದ ಕಾರ್ಡಿಗೆ ಅಂಕವೇ ಇಲ್ಲ. ಸರಿ. 1991ರಲ್ಲಿ ಪಿಎಸ್‌ಎ ಮೊಟ್ಟಮೊದಲು ಅಂಕ ಕೊಟ್ಟ ಕಾರ್ಡು ಯಾವುದು? ಹೋನಸ್ ವ್ಯಾಗ್ನರ್‌ನದ್ದು. 1909ರಿಂದ 1911ರವರೆಗೆ ತಂಬಾಕು ಕಂಪನಿ ಹಂಚಿದ ಟಿ206 ಸರಣಿಯದು. ತನ್ನ ಚಿತ್ರ ಹಾಕಬೇಡಿ ಅಂತ ವ್ಯಾಗ್ನರ್ ತಡೆದಿದ್ದ. ಮಕ್ಕಳು ತಂಬಾಕು ಕೊಳ್ಳಬಾರದು ಅಂತ ಕೆಲವರು ಹೇಳುತ್ತಾರೆ, ದುಡ್ಡು ಕೊಡಲಿಲ್ಲ ಅಂತ ಇನ್ನು ಕೆಲವರು. ಅಂತೂ ಕೆಲವೇ ಡಜನ್ ಉಳಿದಿವೆ. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರನೊಬ್ಬನ ಜೊತೆ ಸೇರಿ ಕೊಂಡ ಆ ಪ್ರತಿಗೆ 8 ಅಂಕ ಬಂತು. ಅದು ಕೈಯಿಂದ ಕೈಗೆ ದಾಟಿ 2007ರಲ್ಲಿ 28 ಲಕ್ಷ ಡಾಲರಿಗೆ ಹೋಯಿತು. 2013ರಲ್ಲಿ ಹರಾಜುಗಾರ ಬಿಲ್ ಮಾಸ್ಟ್ರೊ ನ್ಯಾಯಾಲಯದಲ್ಲಿ ಒಪ್ಪಿಕೊಂಡ: ಆ ಕಾರ್ಡಿನ ಅಂಚನ್ನು ನಾನೇ ಕತ್ತರಿಸಿದ್ದೆ. ಹರಾಜಿನಲ್ಲಿ ಮಾಡಿದ ಮೋಸಕ್ಕಾಗಿ ಅವನಿಗೆ 20 ತಿಂಗಳ ಸೆರೆಯಾಯಿತು. ಮಗು ಕತ್ತರಿ ಹಾಕಿದರೆ ಸೊನ್ನೆ. ಹರಾಜುಗಾರ ಹಾಕಿದರೆ 10ಕ್ಕೆ 8.

ಇದೇ ಕಾರ್ಡು ನಡುವೆ ಒಮ್ಮೆ ವಾಲ್‌ಮಾರ್ಟ್ ಲಾಟರಿಯ ಬಹುಮಾನವಾಗಿತ್ತು. ಫ್ಲೋರಿಡಾದ ಒಬ್ಬ ಅಂಚೆ ನೌಕರಳಿಗೆ ಹೊಡೆಯಿತು. ಬಹುಮಾನದ ಮೇಲಿನ ತೆರಿಗೆ ಕಟ್ಟಲು ದುಡ್ಡಿಲ್ಲದೆ ಆಕೆ ಅದನ್ನೇ ಮಾರಬೇಕಾಯಿತು. ಇಡೀ ಕಥೆಯಲ್ಲಿ ನನಗೆ ಅರ್ಥವಾಗುವ ಮನುಷ್ಯಳು ಆಕೆ ಒಬ್ಬಳೇ.

1980ರ ದಶಕದ ಹೊತ್ತಿಗೆ ಈ ಬೆಲೆಗಳ ಸುದ್ದಿ ಅಮೆರಿಕದ ಎಲ್ಲ ಅಪ್ಪಂದಿರಿಗೂ ತಲುಪಿತು. ಈ ಸಲ ತಪ್ಪು ಮಾಡಬಾರದು ಅಂತ ಪಣ ತೊಟ್ಟರು. ಪ್ಯಾಕೆಟ್ ಅಲ್ಲ, ಪೆಟ್ಟಿಗೆಗಟ್ಟಲೆ ಕೊಂಡರು. ಮಗನಿಗೆ 'ಮುಟ್ಟಬೇಡ, ಇದು ನಿನ್ನ ಕಾಲೇಜು ಫೀಸು' ಅಂದರು. ಕಂಪನಿಗಳಿಗೆ ಇನ್ನೇನು ಬೇಕು? ಟಾಪ್ಸ್, ಫ್ಲೀರ್, ಡಾನ್‌ರಸ್, ಅಪ್ಪರ್ ಡೆಕ್ ಎಲ್ಲ ಸೇರಿ ಅಚ್ಚು ಹಾಕಿದ್ದೇ ಹಾಕಿದ್ದು. ಕಾರ್ಡಿಗೆ ಕಲೆಯಾಗುತ್ತದೆ ಅಂತ ಟಾಪ್ಸ್ ಕೊನೆಗೆ ಪ್ಯಾಕೆಟ್ಟಿನಿಂದ ಗಮ್ ಅನ್ನೇ ತೆಗೆದುಹಾಕಿತು. ಗಮ್ ಮಾರಲಿ ಅಂತ ಕಾರ್ಡು ಹಾಕಿದ್ದವರು ಕಾರ್ಡಿಗಾಗಿ ಗಮ್‌ಗೆ ಗೇಟ್‌ಪಾಸ್ ಕೊಟ್ಟರು. ಎಲ್ಲರೂ ಜೋಪಾನ ಮಾಡಿದ್ದರಿಂದ ಎಲ್ಲರ ಹತ್ತಿರವೂ ಇದೆ. ಎಲ್ಲರ ಹತ್ತಿರ ಇರುವುದರಿಂದ ಯಾರಿಗೂ ಬೇಡ. ಆ ಕಾಲಕ್ಕೆ 'ಜಂಕ್ ವ್ಯಾಕ್ಸ್' ಅಂತಲೇ, ಅಂದರೆ ಮೇಣದ ಕಾಗದದ ಪ್ಯಾಕೆಟ್ಟಿನ ಕಸ ಅಂತಲೇ, ಹೆಸರು ಬಿದ್ದಿದೆ. 'ನಮ್ಮಲ್ಲಿ 1987ರ ಟಾಪ್ಸ್ ಸೆಟ್ ಇದೆ, 792ಕ್ಕೆ 792 ಕಾರ್ಡು, ಯಾರೂ ಮುಟ್ಟಿಲ್ಲ' ಅಂತ ಫೋನ್ ಮಾಡಿ ನೋಡಿ. ಮನೆಗೇ ಬರುತ್ತೇವೆ ಅಂದಿದ್ದವರಿಗೆ ತಟ್ಟನೆ ಬೇರೆ ಕೆಲಸ ನೆನಪಾಗುತ್ತದೆ.

ನ್ಯೂಜೆರ್ಸಿ, ಓಹಾಯೋ ಕಡೆ ಹಳೇ ಮನೆ ಕೊಂಡಿರುವ ನಮ್ಮ ಕನ್ನಡದವರು ಅಟ್ಟಕ್ಕೆ ಒಮ್ಮೆ ಏಣಿ ಹಾಕಿ ನೋಡಲಿ. ಸಿಕ್ಕಿದ್ದನ್ನು ಒರೆಸಬೇಡಿ, ಅಷ್ಟು ಸಾಕು.

ಜೆಫರ್ಸನ್ ಬರ್ಡಿಕ್ ಎಂಬ ಒಬ್ಬನಿದ್ದ. ಸಿರಾಕ್ಯೂಸ್‌ನಲ್ಲಿ ಕಾರ್ಖಾನೆ ಕೆಲಸ. ಸಂಧಿವಾತದಿಂದ ಬೆರಳು ಮಡಚಲು ಆಗುತ್ತಿರಲಿಲ್ಲ. ಮೂರು ಲಕ್ಷಕ್ಕೂ ಹೆಚ್ಚು ಬಗೆಬಗೆಯ ಚಿತ್ರ, ಕಾರ್ಡು ಕೂಡಿಸಿದ. ಟಿ206 ಅಂತ ಹೆಸರಿಟ್ಟ ಪಟ್ಟಿಯೂ ಅವನದೇ. ಅಷ್ಟನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ದಾನ ಕೊಟ್ಟ. ಅಲ್ಲೇ ಕೂತು ವರ್ಷಗಟ್ಟಲೆ ಆಲ್ಬಮ್‌ಗೆ ಹಚ್ಚಿದ. ಕೆಲಸ ಮುಗಿಸಿ 1963ರಲ್ಲಿ ತೀರಿಕೊಂಡ. ಇಡೀ ಸಂಗ್ರಹ ಕೊಳ್ಳುವವರ ಮುಂದೆ ಈ ಹೆಸರು ಎತ್ತಿದರೆ ಭಕ್ತಿಯಿಂದ ತಲೆಬಾಗುತ್ತಾರೆ. ಅವನು ಕಾರ್ಡುಗಳನ್ನು ಗೋಂದು ಹಾಕಿ ಅಂಟಿಸಿದ್ದ ಅನ್ನುವುದು ನೆನಪಾದಾಗ ಎದೆ ಹಿಡಿದುಕೊಳ್ಳುತ್ತಾರೆ. ವ್ಯಾಗ್ನರ್ ಕಾರ್ಡು ಸಹ ಆ ಸಂಗ್ರಹದಲ್ಲಿದೆ.

ಮಕ್ಕಳು ಈಗಲೂ ಕಾರ್ಡು ಕೊಳ್ಳುತ್ತಾರಾ ಅಂತ ನೀವು ಕೇಳಬಹುದು. ಅಂಗಡಿಯಲ್ಲಿ ಉಳಿದರೆ ಕೊಂಡಾರು. 2021ರ ಮೇ ತಿಂಗಳಲ್ಲಿ ವಿಸ್ಕಾನ್ಸಿನ್‌ನ ಬ್ರೂಕ್‌ಫೀಲ್ಡ್‌ನಲ್ಲಿ ಟಾರ್ಗೆಟ್ ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಕಾರ್ಡುಗಳಿಗಾಗಿ ಹೊಡೆದಾಟವೇ ಆಯಿತು. ನಾಲ್ವರು ಸೇರಿ ಒಬ್ಬನ ಮೇಲೆ ಬಿದ್ದರು. ಅವನು ಪಿಸ್ತೂಲು ಹೊರತೆಗೆದ. ಅಂಗಡಿಯವರು ಕೈಮುಗಿದು ಸ್ವಲ್ಪ ಕಾಲ ಕಾರ್ಡು ಮಾರುವುದನ್ನೇ ನಿಲ್ಲಿಸಿದರು. ಹೊಡೆದಾಡಿದವರಲ್ಲಿ ಚಿಕ್ಕವನಿಗೇ ಇಪ್ಪತ್ತು ದಾಟಿತ್ತು.