ಸತ್ಯಾಂಶ: ಬೇರೆ ಡಾಕ್ಟರಿಗೆ ತೋರಿಸಿದರೆ ಮಗುವಿನ ಫೈಲ್ ಕೊಡೋದಿಲ್ವಾ?

‘ಮಗುವನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಿದರೆ ಮೊದಲಿನ ಆಸ್ಪತ್ರೆಯವರು ಫೈಲ್ ಕೊಡಬೇಕಾಗಿಲ್ಲ.’ ಕೋಲಾರದ ಕಡೆ ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುವ ಈ ಮಾತು ಸುಳ್ಳು.

ವೈದ್ಯರ ನಡವಳಿಕೆಗೆಂದೇ 2002ರ ನಿಯಮಗಳಿವೆ. ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಅದರಲ್ಲೇ ಇದೆ. ಅಡ್ಮಿಟ್ ಆಗಿದ್ದವರ ದಾಖಲೆಯನ್ನು 3 ವರ್ಷ ಇಟ್ಟಿರಲೂಬೇಕು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪಟ್ಟಿಯಲ್ಲೂ ಸೇರಿಸಿದ್ದಾರೆ. ಕೌಂಟರಿನಲ್ಲಿ ಜಗಳ ಬೇಡ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಡಿ, ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ.

‘ಡಾಕ್ಟರು ಬೇಜಾರು ಮಾಡ್ಕೊಳ್ತಾರೆ’ ಅನ್ನೋ ಅಳುಕು ಜಾಸ್ತಿ ಜನಕ್ಕೆ ಇರುತ್ತದೆ, ಅಲ್ವಾ? ನೇರವಾಗಿ ಹೇಳಿಬಿಡಿ. ಎಷ್ಟೋ ಡಾಕ್ಟರು ತಾವೇ ಚೀಟಿ ಬರೆದು ಕಳಿಸುತ್ತಾರೆ.

ತಿಂಗಳುಗಟ್ಟಲೆ ಕೆಮ್ಮು ಬಿಡದ, ತೂಕ ಏರದ ಮಗು ಅಂದುಕೊಳ್ಳಿ. ಬರೀ ರಿಪೋರ್ಟ್ ಸಾಲದು, ಎಕ್ಸ್‌ರೇ ಫಿಲ್ಮೂ ಬೇಕು. ತೂಕ, ಲಸಿಕೆ ಬರೆದಿರುವ ತಾಯಿ ಕಾರ್ಡ್ ಮರೆಯಬೇಡಿ. ಔಷಧಿಯ ಖಾಲಿ ಬಾಟಲಿ, ಸ್ಟ್ರಿಪ್ ಕೂಡ ಚೀಲಕ್ಕೆ ಹಾಕಿಕೊಳ್ಳಿ. ಇವಿಲ್ಲದೆ ಹೋದರೆ ಅದೇ ಟೆಸ್ಟುಗಳಿಗೆ ಸುಮ್ನೆ ಮತ್ತೆ ದುಡ್ಡು.

ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರನ್ನು ಕಾಣಬಹುದು. ಬೇಕಾದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೂ ಹೋಗಬಹುದು.

ಅಲ್ಲಿಯವರೆಗೆ ನಡೆಯುತ್ತಿರುವ ಔಷಧಿಯನ್ನು, ಅದರಲ್ಲೂ ಫಿಟ್ಸ್ ಮಾತ್ರೆಯನ್ನು, ನೀವಾಗಿ ನಿಲ್ಲಿಸಬೇಡಿ. ಉಸಿರಾಟಕ್ಕೆ ಕಷ್ಟವಾದರೆ ಎರಡನೇ ಅಭಿಪ್ರಾಯದ ಮಾತೇ ಬೇಡ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ.