ಸೇರಿಗೆ ಸೇರದ ಲೆಕ್ಕ

'ಅಪ್ಪಾ, ಒನ್ ಬೈ ಟೂ ಪ್ಲಸ್ ಒನ್ ಬೈ ತ್ರೀ ಎಷ್ಟು?' ಅಂತ ಆರನೇ ಕ್ಲಾಸಿನ ಮಗಳು ಕೇಳಿದಳು. ಹೋಟೆಲಿನಲ್ಲಿ ದಿನಾ ಬೈ ಟೂ ಕಾಫಿ ಕುಡಿಯುವ ನನಗೆ ಇದ್ಯಾವ ಲೆಕ್ಕ? ಮೊಬೈಲಿನಿಂದ ತಲೆ ಎತ್ತದೆ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 'ಟೂ ಬೈ ಫೈವ್' ಅಂದೆ.

ಮಾರನೇ ದಿನ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನ ದೊಡ್ಡ ಇಂಟು ಮಾರ್ಕು. ಪಕ್ಕದಲ್ಲಿ, 'ಯಾರು ಹೇಳಿಕೊಟ್ಟಿದ್ದು?'

'ಅರ್ಧಕ್ಕೆ ಇನ್ನೊಂದಿಷ್ಟು ಹಾಕಿದ್ಮೇಲೆ ಅದು ಅರ್ಧಕ್ಕಿಂತ ಕಮ್ಮಿ ಹೆಂಗಾಯ್ತಪ್ಪಾ?' ಮಗಳ ಪ್ರಶ್ನೆ. ನಾನು ಅಕೌಂಟ್ಸ್ ಸೆಕ್ಷನ್ನಿನಲ್ಲಿ ಕೆಲಸ ಮಾಡುವವನು ಬೇರೆ.

ಮಾನ ಉಳಿಸಿಕೊಳ್ಳಬೇಕಿತ್ತು. ದಾವಣಗೆರೆಯಲ್ಲಿ ಯಾರ ಮನೆಯಲ್ಲಿ ಮಂಡಕ್ಕಿ ಇರಲ್ಲ ಹೇಳಿ? ಚೀಲ ಬಿಚ್ಚಿ, ಅಮ್ಮನ ಹಳೇ ಸೇರು, ಪಾವು ಹುಡುಕಿ ತಂದು ನಡುಮನೆಯಲ್ಲಿ ಕೂತೆ. ಕರೆಂಟು ಹೋಗಿತ್ತು.

ಸೇರಿಗೆ 4 ಪಾವು. ಅರ್ಧ ಸೇರು ಅಂದ್ರೆ 2 ಪಾವು, ಕಾಲು ಅಂದ್ರೆ 1. ಕೂಡಿಸಿದರೆ 3 ಪಾವು, ಮುಕ್ಕಾಲು ಸೇರು. ಛೇದ ಸಮ ಮಾಡೋದು ಅಂದ್ರೆ ಇಷ್ಟೇ ಅಲ್ವಾ! ಆದರೆ ಮೂರನೇ ಒಂದು ಸೇರಿಗೆ ಎಷ್ಟು ಪಾವು? ಒಂದು ಪಾವು, ಅದರ ಮೇಲೆ ಮತ್ತೆ ಮೂರನೇ ಒಂದು ಪಾವು! ಮುಂಬಾಗಿಲಲ್ಲಿ ಓಡಿಸಿದ ನಾಯಿ ಹಿತ್ತಲಿಂದ ಬಂದ ಹಾಗೆ. ನಮ್ಮ ಕಾಲು, ಅರೆಕಾಲು, ವೀಸ ಎಲ್ಲಾ ಅರ್ಧದ ಮಕ್ಕಳು, ಮೊಮ್ಮಕ್ಕಳು. ಆ ವಂಶದಲ್ಲಿ ಮೂರು ಹುಟ್ಟೇ ಇಲ್ಲ.

ಅಮ್ಮ ಬೆಳ್ಳುಳ್ಳಿ ಬಿಡಿಸುತ್ತಾ, 'ಲೇ, ಎರಡಕ್ಕೂ ಮೂರಕ್ಕೂ ಸರಿಹೋಗೋ ಹಂಗೆ ಆರು ಪಾಲು ಮಾಡೋ' ಅಂದಳು. ಇಂಥ ಅತಿ ಚಿಕ್ಕ ಸಂಖ್ಯೆಗೆ ಸ್ಕೂಲಲ್ಲಿ ಹೇಳೋ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಅನ್ನೋ ಹೆಸರನ್ನೇ ಅವಳು ಕೇಳಿಲ್ಲ.

ಒಂದು ಸೇರು ಮಂಡಕ್ಕಿಯನ್ನು ಆರು ಬಟ್ಟಲಿಗೆ ಸಮ ಸಮ ಸುರಿದೆ. ಅರ್ಧಕ್ಕೆ ಮೂರು ಬಟ್ಟಲು, ಮೂರನೇ ಒಂದಕ್ಕೆ ಎರಡು. 'ಫೈವ್ ಬೈ ಸಿಕ್ಸ್!' ಮಗಳು ಚಪ್ಪಾಳೆ ತಟ್ಟಿದಳು. ನಾನೇ ಕಂಡುಹಿಡಿದವನಂತೆ ಮೀಸೆ ಸವರಿಕೊಂಡೆ.

ಆಗ ಕರೆಂಟು ಬಂತು. ಫ್ಯಾನಿನ ರೆಗ್ಯುಲೇಟರ್ ಐದರಲ್ಲಿತ್ತು.

ಮಂಡಕ್ಕಿ ಟಿವಿ ಹಿಂದೆ, ದೇವರ ಗೂಡಿನಲ್ಲಿ, ಅಮ್ಮನ ತುರುಬಿನಲ್ಲಿ. ಮಗಳು ಪೆನ್ಸಿಲ್ ಹಿಡಿದುಕೊಂಡೇ, 'ಈಗೆಷ್ಟು ಉಳೀತಪ್ಪಾ?' ಅಂದಳು.

ಅಡುಗೆಮನೆಯಿಂದ ಬಂದ ಹೆಂಡತಿ ಸುಮ್ನೆ ಒಮ್ಮೆ ನೋಡಿದಳು. ಪೊರಕೆ ತಂದು ನನ್ನ ಕೈಗಿಟ್ಟಳು.

'ಐದು ಪಾಲಲ್ಲ, ಆರೂ ಪಾಲು ಗುಡಿಸಿ.'