ಸೇರಿದವರ ಲೆಕ್ಕ ಇದೆ, ಮುಗಿಸಿದವರದ್ದು ಎಲ್ಲಿ?

ಉನ್ನತ ಶಿಕ್ಷಣ ಯಾರ ಕೈಗೆ ಎಟುಕುತ್ತಿದೆ ಅಂತ ಕೇಳಿದರೆ ಎಲ್ಲರೂ ತೋರಿಸೋದು ಒಂದೇ ಅಂಕಿ, ಜಿಇಆರ್, ಅಂದರೆ ಒಟ್ಟು ದಾಖಲಾತಿ ಅನುಪಾತ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯಲ್ಲಿ ಅದು ಒಟ್ಟಾರೆ ಶೇ. 28.4, ಪರಿಶಿಷ್ಟ ಜಾತಿಯವರದ್ದು 25.9, ಪರಿಶಿಷ್ಟ ಪಂಗಡದವರದ್ದು 21.2. ಅಂತರವೇನೋ ಕಾಣುತ್ತೆ. ಆದರೆ ಈ ಭಾಗಾಕಾರದಲ್ಲಿ ಮೇಲಿರುವುದು ಯಾವ ವಯಸ್ಸಿನವರೇ ಆಗಲಿ ದಾಖಲಾದವರ ಸಂಖ್ಯೆ, ಅದನ್ನು ಭಾಗಿಸೋದು 18ರಿಂದ 23 ವರ್ಷದವರ ಅಂದಾಜು ಜನಸಂಖ್ಯೆಯಿಂದ. ಆ ಅಂದಾಜಿಗೆ ಬುಡ 2011ರ ಜನಗಣತಿ. ಸೇರಿದವರಲ್ಲಿ ಡಿಗ್ರಿ ಮುಗಿಸಿದವರೆಷ್ಟು ಅನ್ನೋದಕ್ಕೆ ಇದರಲ್ಲಿ ಉತ್ತರವೇ ಇಲ್ಲ.

ನನ್ನ ತಕರಾರು ಇದೇ. ವರ್ಷವರ್ಷದ ತಲೆ ಎಣಿಕೆ ಬೇರೆ, ಒಂದೇ ಬ್ಯಾಚಿನ ಬೆನ್ನು ಹತ್ತಿದ ಲೆಕ್ಕ ಬೇರೆ. ಎಂಜಿನಿಯರಿಂಗನ್ನೇ ತಗೊಳ್ಳಿ. ಮೊದಲ ವರ್ಷ 60 ಮಂದಿ ಸೇರಿ 14 ಮಂದಿ ಬಿಟ್ಟರು ಅಂದುಕೊಳ್ಳಿ. ಎರಡನೇ ವರ್ಷಕ್ಕೆ ಡಿಪ್ಲೊಮಾ ಮುಗಿಸಿದ 10 ಮಂದಿ ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ಮೊದಲ ವರ್ಷ ಓದದೆ ನೇರವಾಗಿ, ಬಂದರು. ಕಾಗದದ ಮೇಲೆ 56. ಬಿಟ್ಟವರು ನಾಲ್ಕೇ ಜನ ಅನ್ನಿಸುತ್ತೆ! ಆ 14 ಮಂದಿ ಯಾವ ವರ್ಗದವರು ಅನ್ನೋದು ಅಲ್ಲಿಗೆ ಮುಚ್ಚಿಹೋಯಿತು.

ಕಾಲೇಜುಗಳು ಸಮೀಕ್ಷೆಯ ಫಾರ್ಮ್ ತುಂಬುವಾಗಲೂ ಎಡವಟ್ಟು ಕಡಿಮೆಯಿಲ್ಲ. ಜಿಎಂ (ಜನರಲ್ ಮೆರಿಟ್, ಮೀಸಲಾತಿ ಇಲ್ಲದ) ಸೀಟು ಪಡೆದ ಎಸ್‌ಸಿ ವಿದ್ಯಾರ್ಥಿಯನ್ನು ಸೀಟು ನೋಡಿ ಜನರಲ್‌ಗೆ ಹಾಕಿದರೆ ಎಸ್‌ಸಿ ಸಂಖ್ಯೆ ಅಷ್ಟಕ್ಕೆ ಇಳಿಯಿತು. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಲ್ಲವೂ ಒಬಿಸಿ ಅನ್ನೋ ಒಂದೇ ಕಾಲಂನಲ್ಲಿ ಕರಗಿದರೆ ಅಲೆಮಾರಿ ಸಮುದಾಯದ ಹುಡುಗಿ ಲೆಕ್ಕದಲ್ಲಿ ಕಾಣೋದೇ ಇಲ್ಲ. ಅಂಗವಿಕಲರ ಸಾಲು ಒಟ್ಟು ಸಂಖ್ಯೆಯ ಒಳಗಿನದು, ಮತ್ತೆ ಕೂಡಿಸಿದರೆ ಎರಡು ಸಲ ಎಣಿಸಿದಂತೆ. ಸೊನ್ನೆಗೂ "ಮಾಹಿತಿ ಇಲ್ಲ" ಅನ್ನೋದಕ್ಕೂ ಬೇರೆ ಬೇರೆ ಗುರುತು ಇರಲೇಬೇಕು.

ಇದಕ್ಕೆ ಹೊಸ ಪೋರ್ಟಲ್ ಬೇಡ (ಇರುವುದೇ ಸಾಕಷ್ಟು). ಪ್ರವೇಶ ವಿಭಾಗದ ಪಟ್ಟಿಯನ್ನೂ ಪರೀಕ್ಷಾ ವಿಭಾಗದ ಫಲಿತಾಂಶವನ್ನೂ ರಿಜಿಸ್ಟರ್ ನಂಬರ್ ಮೇಲೆ ಜೋಡಿಸಿ. ಲ್ಯಾಟರಲ್‌ನವರನ್ನು ಬೇರೆ ಸಾಲಿಗೆ ತೆಗೆಯಿರಿ. ಪ್ರತಿ ವರ್ಗಕ್ಕೂ ಸೇರಿದವರು, ಎರಡನೇ ವರ್ಷಕ್ಕೆ ಬಂದವರು, ಅವಧಿಯೊಳಗೆ ಮುಗಿಸಿದವರು ಅಂತ ಮೂರು ಅಂಕಿ ಪ್ರಕಟಿಸಿ. ಐದಕ್ಕಿಂತ ಕಡಿಮೆ ಇದ್ದ ಕಡೆ ವ್ಯಕ್ತಿಯ ಗುರುತು ಸಿಗುತ್ತೆ, ಹಾಗಾಗಿ ಆ ಅಂಕಿ ಮುಚ್ಚಬೇಕು. ಒಂದೇ ಅಂಕಿ ಮುಚ್ಚಿದರೆ ಸಾಲದು, ಒಟ್ಟು ಮೊತ್ತದಿಂದ ಕಳೆದರೆ ಅದು ಹೊರಬೀಳುತ್ತೆ. ಅದಕ್ಕಿಂತ ಮೂರು ವರ್ಷಗಳ ಬ್ಯಾಚುಗಳನ್ನು ಒಟ್ಟಿಗೆ ಕೂಡಿಸಿ ಕೊಡೋದು ಮೇಲು.

ಆದಾಯದ ಮಾಹಿತಿ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಸಿಗುತ್ತೆ. ಆದರೆ ಅರ್ಜಿಯನ್ನೇ ಹಾಕದವರನ್ನು ಉಳ್ಳವರ ಲೆಕ್ಕಕ್ಕೆ ಸೇರಿಸಬೇಡಿ. ಆದಾಯ ಪ್ರಮಾಣಪತ್ರ ಸಮಯಕ್ಕೆ ಸಿಗದೆ ಕೊನೇ ದಿನಾಂಕ ತಪ್ಪಿಸಿಕೊಂಡವರೂ ಅದರಲ್ಲೇ ಇರ್ತಾರೆ.